ಹಳೆಯ ಟ್ಯೂಬ್ ಆಂಪ್ ಕೊಳ್ಳುವ ಮುನ್ನ: ಕೇಳುತ್ತಿರುವುದು ಅದರ ಟೋನೋ, ಅದರ ಕಾಯಿಲೆಯೋ?

ಎರಡು ಹಳೆಯ ಟ್ಯೂಬ್ ಗಿಟಾರ್ ಆಂಪ್‌ಗಳನ್ನು ಅಕ್ಕಪಕ್ಕ ಇಟ್ಟು ನುಡಿಸುತ್ತೀರಿ. ಒಂದು ಮಂಕು, ಇನ್ನೊಂದು ಚುರುಕು. ಹೆಚ್ಚಿನವರು ಅಲ್ಲೇ ತೀರ್ಮಾನ ಮಾಡಿಬಿಡುತ್ತಾರೆ. ಆದರೆ ಆ ಮಂಕು ಸರ್ಕ್ಯೂಟಿನ ಹುಟ್ಟುಗುಣವೇ, ಸವೆದ ಪವರ್ ಟ್ಯೂಬಿನದೇ, ಒಣಗಿದ ಕೆಪ್ಯಾಸಿಟರಿನದೇ ಎಂದು ಗೊತ್ತಾಗದೆ ಮಾಡಿದ ಹೋಲಿಕೆಗೆ ಬೆಲೆಯಿಲ್ಲ. ಟ್ಯೂಬ್ ಬದಲಿಸಿದರೆ ಹತ್ತು ನಿಮಿಷದಲ್ಲಿ ಹೋಗುವ ಮಂಕಿಗೆ ಹೆದರಿ ಒಳ್ಳೆಯ ಆಂಪ್ ಬಿಟ್ಟುಬಂದವರಿದ್ದಾರೆ. ಮಿತಿಮೀರಿದ ಕರೆಂಟಿನಲ್ಲಿ ಸಾಯುತ್ತಿರುವ ಟ್ಯೂಬಿನ "ಬೆಚ್ಚನೆಯ" ನಾದಕ್ಕೆ ಮರುಳಾಗಿ ದುಡ್ಡು ಸುರಿದವರೂ ಇದ್ದಾರೆ. ಆದ್ದರಿಂದ ಮೊದಲು ದೋಷವನ್ನು ಬೇರ್ಪಡಿಸಬೇಕು, ಟೋನ್ ಹೋಲಿಕೆ ಆಮೇಲೆ.

ಜೊತೆಗೆ ಒಯ್ಯಬೇಕಾದದ್ದು: ನಿಮ್ಮದೇ ಗಿಟಾರ್ ಮತ್ತು ಕೇಬಲ್, ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಖಾತ್ರಿಯಿರುವ ಒಂದು 12ಎಎಕ್ಸ್7 ಟ್ಯೂಬ್ (ಗಿಟಾರಿನ ಸಣ್ಣ ಸಿಗ್ನಲ್ಲನ್ನು ಮೊದಲು ಹಿಗ್ಗಿಸುವ ಪುಟ್ಟ ಟ್ಯೂಬ್), ಗಿಡ್ಡನೆಯ ಪ್ಯಾಚ್ ಕೇಬಲ್, ಒಂದು ಸ್ಪೀಕರ್ ಕೇಬಲ್, ಮಲ್ಟಿಮೀಟರ್, ಟಾರ್ಚ್, ಮರದ ಪೆನ್ಸಿಲ್. ಫೋನಿನಲ್ಲಿ ಶಬ್ದದ ಮಟ್ಟ ತೋರಿಸುವ ಆ್ಯಪ್ ಇದ್ದರೆ ಸಾಕು, ದುಬಾರಿ ಮೀಟರ್ ಬೇಡ.

ಒಂದು ಎಚ್ಚರಿಕೆ. ಈ ಆಂಪ್‌ಗಳ ಚಾಸಿಯೊಳಗೆ, ಅಂದರೆ ಸರ್ಕ್ಯೂಟ್ ಕೂತಿರುವ ಲೋಹದ ಪೆಟ್ಟಿಗೆಯೊಳಗೆ, 400ರಿಂದ 500 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ, ಆ ಡಿಸಿಯ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪ್ಯಾಸಿಟರ್‌ಗಳು ಅದನ್ನು ಹಿಡಿದಿಟ್ಟುಕೊಂಡಿರಬಹುದು. ಕೆಳಗೆ ಹೇಳಿರುವ ಪರೀಕ್ಷೆಗಳಲ್ಲಿ ಬಹುಪಾಲು ಹೊರಗಿನಿಂದಲೇ ಆಗುತ್ತವೆ. ಚಾಸಿ ಬಿಚ್ಚಬೇಕಾದದ್ದನ್ನು ತಂತ್ರಜ್ಞರಿಗೇ ಬಿಡಿ.

ಸ್ವಿಚ್ ಹಾಕುವ ಮುನ್ನ

ಹಿಂಬದಿಯ ಪಟ್ಟಿಯಲ್ಲಿ ವೋಲ್ಟೇಜ್ ಓದಿ. 120 ವೋಲ್ಟಿನ ಆಂಪನ್ನು 230ಕ್ಕೆ ನೇರವಾಗಿ ಚುಚ್ಚಿದರೆ ಆ ಕ್ಷಣಕ್ಕೇ ಮುಗಿಯಿತು. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರೂ, 60 ಹರ್ಟ್ಸ್‌ಗೆಂದೇ ಮಾಡಿದ ಪವರ್ ಟ್ರಾನ್ಸ್‌ಫಾರ್ಮರ್ 50 ಹರ್ಟ್ಸ್‌ನಲ್ಲಿ ಹೆಚ್ಚು ಬಿಸಿಯಾಗುತ್ತದೆ. ಅರ್ಧ ಗಂಟೆಯ ನಂತರ ಅದರ ಮೇಲೆ ಕೈ ಇಡಲಾಗದಿದ್ದರೆ ಗುರುತು ಮಾಡಿಕೊಳ್ಳಿ.

ವೈರಿಗೆ ಎರಡೇ ಪಿನ್ನಿನ ಪ್ಲಗ್ ಇದ್ದರೆ ನುಡಿಸಲು ಹೋಗಬೇಡಿ. ಎರಡು ಪಿನ್ನಿನ ಹಳೆಯ ಅಮೆರಿಕನ್ ಆಂಪ್‌ಗಳಲ್ಲಿ ಮೈನ್ಸ್ ತಂತಿಗೂ ಚಾಸಿಗೂ ನಡುವೆ ಸಾಮಾನ್ಯವಾಗಿ 0.047 ಮೈಕ್ರೋಫ್ಯಾರಡ್ಡಿನ ಒಂದು ಕೆಪ್ಯಾಸಿಟರ್ ಇರುತ್ತದೆ. ಅದು ಶಾರ್ಟ್ ಆದರೆ ಗಿಟಾರಿನ ತಂತಿಗೇ ಮೈನ್ಸ್ ಬರುತ್ತದೆ. ರಿಪೇರಿಯವರು ಅದಕ್ಕೆ "ಸಾವಿನ ಕೆಪ್ಯಾಸಿಟರ್" ಎಂದು ಹೆಸರಿಟ್ಟಿರುವುದು ಸುಮ್ಮನೆ ಅಲ್ಲ. ಅದನ್ನು ತೆಗೆದು ಅರ್ತ್ ಇರುವ ಮೂರು ಪಿನ್ನಿನ ವೈರ್ ಹಾಕಿಸುವುದು ಸಣ್ಣ ಕೆಲಸ. ಹಾಗೆ ಮಾಡಿಸಿದ್ದರೆ ಆಂಪಿನ "ಮೂಲ ಸ್ಥಿತಿ" ಕೆಟ್ಟಿತು ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಫ್ಯೂಸ್ ತೆಗೆದು ನೋಡಿ. ಪಟ್ಟಿಯಲ್ಲಿ ಬರೆದದ್ದಕ್ಕಿಂತ ದೊಡ್ಡದಿದ್ದರೆ, ಅಥವಾ ಬೆಳ್ಳಿ ಹಾಳೆ ಸುತ್ತಿದ್ದರೆ, ಆ ಆಂಪ್ ಹಿಂದೆ ಫ್ಯೂಸ್ ಸುಡುತ್ತಿತ್ತು, ಕಾರಣ ಹುಡುಕದೆ ಬಾಯಿ ಮುಚ್ಚಿಸಿದ್ದಾರೆ ಎಂದರ್ಥ.

ಸ್ಪೀಕರ್ ಪ್ಲಗ್ ಕಿತ್ತು ತುದಿಗೂ ಬುಡಕ್ಕೂ ಮಲ್ಟಿಮೀಟರ್ ಹಿಡಿಯಿರಿ. 8 ಓಮಿನ ಸ್ಪೀಕರ್ ಸುಮಾರು 6ರಿಂದ 7 ಓಮ್, 16 ಓಮಿನದು ಸುಮಾರು 12ರಿಂದ 13 ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ. ಅಂಥ ಸ್ಪೀಕರ್ ಹಾಕಿ, ಅಥವಾ ಸ್ಪೀಕರ್ ಇಲ್ಲದೆಯೇ, ಟ್ಯೂಬ್ ಆಂಪ್ ನುಡಿಸಬಾರದು. ಲೋಡ್ ಇಲ್ಲದ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ಏಳುವ ವೋಲ್ಟೇಜ್ ಅದರ ಇನ್ಸುಲೇಶನ್ನನ್ನೂ ಟ್ಯೂಬ್ ಸಾಕೆಟ್ಟನ್ನೂ ಸುಡುತ್ತದೆ.

ಕೊನೆಗೆ, ಟ್ಯೂಬ್‌ಗಳ ಮೇಲಿನ ಬರಹ ಓದಿ. ಟೋನ್ ವ್ಯತ್ಯಾಸದ ಅರ್ಧ ಗುಟ್ಟು ಇಲ್ಲೇ ಬಯಲಾಗುವುದುಂಟು. 12ಎಎಕ್ಸ್7 ಮತ್ತು ಇಸಿಸಿ83 ಒಂದೇ ಟ್ಯೂಬಿನ ಎರಡು ಹೆಸರು, ವರ್ಧನ ಅಂಶ 100. ಅದೇ ಸಾಕೆಟ್ಟಿನಲ್ಲಿ 5751 ಕೂರುತ್ತದೆ, ಅದರದು 70. 12ಎಟಿ7 ಕೂಡ ಕೂರುತ್ತದೆ, ಅದರದು 60. ಹಿಂದಿನ ಮಾಲೀಕರು ಮೊದಲ ಸಾಕೆಟ್ಟಿಗೆ ಇವುಗಳಲ್ಲಿ ಒಂದನ್ನು ಹಾಕಿದ್ದರೆ ಆ ಆಂಪಿಗೆ "ಗೇನ್ ಕಡಿಮೆ" ಎನಿಸುವುದು ಸಹಜ, ಅದು ದೋಷವಲ್ಲ. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಟ್ಯೂಬಿನದೂ ಇದೇ ಕಥೆ. ಜಿಝೆಡ್34 ಇರಬೇಕಾದ ಕಡೆ 5ವೈ3 ಇದ್ದರೆ ಪ್ಲೇಟ್ ವೋಲ್ಟೇಜ್ ಇಳಿದು ಬೇಸ್ ಮೆತ್ತಗಾಗುತ್ತದೆ. 5ಯು4 ಇದ್ದರೆ ವೋಲ್ಟೇಜ್ ಇಳಿಯುವುದರ ಜೊತೆಗೆ ಇನ್ನೊಂದು ಕಷ್ಟವಿದೆ: ಜಿಝೆಡ್34ರ ಹೀಟರ್ 1.9 ಆಂಪಿಯರ್ ಎಳೆದರೆ 5ಯು4 ಎಳೆಯುವುದು 3 ಆಂಪಿಯರ್. ಆ ಹೊರೆಗೆಂದು ಸುತ್ತಿರದ ಟ್ರಾನ್ಸ್‌ಫಾರ್ಮರ್ ಸೊರಗುತ್ತದೆ.

ಹೋಲಿಕೆಯ ತಕ್ಕಡಿ ಸರಿಮಾಡಿ

ಎರಡನ್ನೂ ಕನಿಷ್ಠ 20 ನಿಮಿಷ ಬಿಸಿಯಾಗಲು ಬಿಡಿ. ಕೆಲವು ದೋಷಗಳು ತಣ್ಣಗಿರುವಾಗ ಬಾಯಿಯೇ ಬಿಡುವುದಿಲ್ಲ.

ನಂತರ ಜೋರು ಸಮ ಮಾಡಿ. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ತೋರಿಸಿದಂತೆ, ಶಬ್ದ ಜೋರಾದಷ್ಟೂ ನಮ್ಮ ಕಿವಿಗೆ ತಗ್ಗಿನ ಸ್ವರಗಳು ಹೆಚ್ಚು ಕೇಳುತ್ತವೆ. ತುಸು ಜೋರಾಗಿರುವ ಆಂಪ್ "ತುಂಬಿದ" ನಾದದ್ದು ಎನಿಸುವುದು ಇದರಿಂದಲೇ. ಫೋನನ್ನು ಒಂದೇ ಜಾಗದಲ್ಲಿಟ್ಟು, ಒಂದೇ ಕಾರ್ಡನ್ನು ಒಂದೇ ಬಿರುಸಿನಲ್ಲಿ ಬಾರಿಸಿ, ಎರಡರ ನಡುವೆ 1 ಡೆಸಿಬೆಲ್‌ಗಿಂತ ಹೆಚ್ಚು ವ್ಯತ್ಯಾಸ ಬಾರದಂತೆ ನೋಡಿಕೊಳ್ಳಿ. ಅಂದಹಾಗೆ 100 ವ್ಯಾಟ್ ಎಂದರೆ 50 ವ್ಯಾಟಿನ ಎರಡರಷ್ಟು ಜೋರಲ್ಲ, 3 ಡೆಸಿಬೆಲ್ ಹೆಚ್ಚು, ಅಷ್ಟೆ.

ಸ್ಪೀಕರ್ ಒಂದೇ ಆಗಿರಬೇಕು. ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಒಂದು ಆಂಪಿನಲ್ಲಿ ಗ್ರೀನ್‌ಬ್ಯಾಕ್ ಸ್ಪೀಕರ್, ಇನ್ನೊಂದರಲ್ಲಿ ವಿಂಟೇಜ್ 30 ಸ್ಪೀಕರ್ ಇದ್ದರೆ ನೀವು ಹೋಲಿಸುತ್ತಿರುವುದು ಸ್ಪೀಕರ್‌ಗಳನ್ನೇ ಹೊರತು ಆಂಪ್‌ಗಳನ್ನಲ್ಲ. ಕಾಂಬೋ (ಆಂಪ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವುದು) ಆದರೂ ಸರಿ, ಪವರ್ ಆಫ್ ಮಾಡಿ ಅದರ ಸ್ಪೀಕರ್ ಕಿತ್ತು, ಓಮ್ ಹೊಂದುವ ಒಂದೇ ಕ್ಯಾಬಿನೆಟ್ಟಿಗೆ ಎರಡನ್ನೂ ಸರದಿಯಲ್ಲಿ ಚುಚ್ಚಿ. ಕ್ಯಾಬಿನೆಟ್ಟಿನ ತಾಳಿಕೆಯೂ ನೆನಪಿರಲಿ. 25 ವ್ಯಾಟಿನ ಒಂಟಿ ಗ್ರೀನ್‌ಬ್ಯಾಕ್ 100 ವ್ಯಾಟಿನ ಹೆಡ್ಡಿಗೆ (ಸ್ಪೀಕರ್ ಇಲ್ಲದ ಬಿಡಿ ಆಂಪಿಗೆ) ಒಂದು ಹೊತ್ತಿನ ಊಟ.

ಎಲ್ಲ ನಾಬ್‌ಗಳನ್ನೂ ನಡುವೆ ಇಟ್ಟರೆ ಎರಡೂ ಸಮ ಎಂಬ ಭ್ರಮೆ ಬೇಡ. ಫೆಂಡರ್ ಮಾದರಿಯ ಟೋನ್ ಸರ್ಕ್ಯೂಟ್ ಎಲ್ಲ 5ರಲ್ಲಿದ್ದಾಗಲೂ ಮಧ್ಯದ ಸ್ವರಗಳನ್ನು ಗುಳಿ ಬೀಳಿಸುತ್ತದೆ. ಅದರಲ್ಲಿ ಸಮತಟ್ಟಿಗೆ ಹತ್ತಿರ ಬರಬೇಕೆಂದರೆ ಬೇಸ್ ಮತ್ತು ಟ್ರೆಬಲ್ ಬಹಳ ಕೆಳಗೆ, ಮಿಡ್ 10ಕ್ಕೆ. ಹೀಗಿಟ್ಟು ಒಮ್ಮೆ, ನಿಮಗೆ ಇಷ್ಟವಾದಂತೆ ಹೊಂದಿಸಿ ಇನ್ನೊಮ್ಮೆ ಕೇಳಿ. ಎರಡು ಇನ್‌ಪುಟ್ ಇರುವ ಹಳೆಯ ಫೆಂಡರ್‌ಗಳಲ್ಲಿ 2ನೆಯದು 6 ಡೆಸಿಬೆಲ್ ಕಡಿಮೆ; ಒಂದರಲ್ಲಿ 1ಕ್ಕೆ, ಇನ್ನೊಂದರಲ್ಲಿ 2ಕ್ಕೆ ಚುಚ್ಚಿ ಮೋಸ ಹೋಗಬೇಡಿ.

ಗುಂಯ್‌ಗುಡುವ ಆಂಪ್

ಗಿಟಾರ್ ಕೇಬಲ್ ಕಿತ್ತುಬಿಡಿ. ಈಗಲೂ ಗುಂಯ್ ಎಂದರೆ ಅದು ಆಂಪಿನದೇ. ಅದು ಯಾವ ಸ್ವರದ ಗುಂಯ್ ಎನ್ನುವುದೇ ರೋಗದ ಹೆಸರು ಹೇಳುತ್ತದೆ. ಇದನ್ನು ಅಳೆಯಲು ಗಿಟಾರೇ ಸಾಕು. 50 ಹರ್ಟ್ಸ್ ಮೈನ್ಸ್ ಇರುವಲ್ಲಿ ರೆಕ್ಟಿಫೈಯರಿನ ಅಲೆ 100 ಹರ್ಟ್ಸ್. ದಪ್ಪ ಇ ತಂತಿಯ 3ನೇ ಫ್ರೆಟ್ 98 ಹರ್ಟ್ಸ್. ಆಂಪಿಗೆ ಚುಚ್ಚದ ಗಿಟಾರಿನಲ್ಲಿ ಆ ಸ್ವರ ಮೀಟಿ. ಗುಂಯ್ ಅದಕ್ಕಿಂತ ಕೂದಲೆಳೆಯಷ್ಟು ಮೇಲಿದ್ದರೆ ಅದು 100, ಒಂದು ಸ್ಥಾಯಿ ಕೆಳಗಿದ್ದರೆ 50. ಮೈನ್ಸ್ 60 ಹರ್ಟ್ಸ್ ಇರುವಲ್ಲಿ 120ರ ಗುಂಯ್ ಅದೇ ತಂತಿಯ 6 ಮತ್ತು 7ನೇ ಫ್ರೆಟ್‌ಗಳ ನಡುವೆ ಬೀಳುತ್ತದೆ.

50ರ ಗುಂಯ್ ಎಂದರೆ ಹೀಟರ್ ತಂತಿ, ಟ್ಯೂಬಿನೊಳಗೆ ಹೀಟರಿನಿಂದ ಕ್ಯಾಥೋಡಿಗೆ ಸೋರಿಕೆ, ಇಲ್ಲವೇ ಕೆಟ್ಟ ಗ್ರೌಂಡ್. ಹಿಂಬದಿಯಲ್ಲಿ ಹಮ್ ಬ್ಯಾಲೆನ್ಸ್ ತಿರುಪು ಇದ್ದರೆ ಮೊದಲು ಅದನ್ನು ತಿರುಗಿಸಿ ನೋಡಿ. ವಾಲ್ಯೂಮ್ ನಾಬ್ ಏರಿಸಿದಂತೆ ಗುಂಯ್ ಏರಿದರೆ ತೊಂದರೆ ನಾಬಿಗಿಂತ ಹಿಂದಿದೆ. ನಿಮ್ಮ 12ಎಎಕ್ಸ್7 ಹಾಕಿ ಪರೀಕ್ಷಿಸಿ. ಎಲ್ಲ ನಾಬ್ ಸೊನ್ನೆಯಲ್ಲಿದ್ದರೂ 100ರ ಗುಂಯ್ ಹಾಗೇ ಇದ್ದರೆ ಫಿಲ್ಟರ್ ಕೆಪ್ಯಾಸಿಟರ್ ಸವೆದಿರಬೇಕು, ಅಥವಾ ಪವರ್ ಟ್ಯೂಬ್‌ಗಳ ಜೋಡಿ ಹೊಂದಿಲ್ಲ. ಪುಷ್ ಪುಲ್ ಆಂಪಿನಲ್ಲಿ, ಅಂದರೆ ಪವರ್ ಟ್ಯೂಬ್‌ಗಳು ಎರಡು ಬದಿಯಾಗಿ ದುಡಿಯುವ ಆಂಪಿನಲ್ಲಿ, ಎರಡೂ ಬದಿಯ ಅಲೆಗಳು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ಒಂದು ಟ್ಯೂಬ್ ಬಡವಾದರೆ ಆ ಅಳಿಸಾಟ ಅರ್ಧಕ್ಕೆ ನಿಲ್ಲುತ್ತದೆ. ಫೆಂಡರ್ ಚಾಂಪಿನಂಥ ಒಂಟಿ ಪವರ್ ಟ್ಯೂಬಿನ ಆಂಪಿನಲ್ಲಿ ಈ ಅನುಕೂಲವೇ ಇಲ್ಲ. ಅಲ್ಲಿ ತುಸು ಗುಂಯ್ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಸ್ವರದ ಕೆಳಗೆ ಇನ್ನೊಂದು ಅಪಸ್ವರ

ಹಳೆಯ ಆಂಪಿನಲ್ಲಿ ಅತಿ ಹೆಚ್ಚು ತಪ್ಪಾಗಿ ಓದಲಾಗುವ ಲಕ್ಷಣ ಇದು. ಮೆಲ್ಲಗೆ ನುಡಿಸಿದಾಗ ಎಲ್ಲ ಸರಿ. ಜೋರಾಗಿಸಿ ತೆಳು ತಂತಿಯ ಮೇಲಿನ ಸ್ವರಗಳನ್ನು ನುಡಿಸಿದರೆ ಅಡಿಯಲ್ಲಿ ಶ್ರುತಿ ಸೇರದ ಇನ್ನೊಂದು ಸ್ವರ ಮುಲುಗುತ್ತದೆ. "ಹಳೆ ಆಂಪಿನ ಕೊಳಕು ಸೊಗಸು" ಎಂದು ಮಾರುವವರು ಸಮಜಾಯಿಷಿ ಕೊಡಬಹುದು. ಬಹುಪಾಲು ಅದು ಸೊಗಸಲ್ಲ, ಒಣಗಿದ ಕೆಪ್ಯಾಸಿಟರ್.

ಆಗುವುದು ಹೀಗೆ. ಆಂಪ್ ಹೆಚ್ಚು ಕರೆಂಟ್ ಎಳೆದಾಗ ಫಿಲ್ಟರ್ ಕೆಪ್ಯಾಸಿಟರಿಗೆ ಅಲೆಯನ್ನು ತಡೆಯಲು ಶಕ್ತಿ ಸಾಲದು. ಪ್ಲೇಟ್ ವೋಲ್ಟೇಜಿನ ಮೇಲೆ ಕೂತ 100 ಹರ್ಟ್ಸ್ ನಿಮ್ಮ ಸ್ವರದೊಂದಿಗೆ ಬೆರೆಯುತ್ತದೆ. ತೆಳು ತಂತಿಯ 5ನೇ ಫ್ರೆಟ್ 440 ಹರ್ಟ್ಸ್. ಬೆರಕೆಯಿಂದ 340 ಮತ್ತು 540 ಹುಟ್ಟುತ್ತವೆ. 12ನೇ ಫ್ರೆಟ್ 659. ಅಲ್ಲಿ 559 ಮತ್ತು 759. ಅಂತರ ಯಾವಾಗಲೂ ಅದೇ 100. ಹಾಗಾಗಿ ಪ್ರತಿ ಸ್ವರಕ್ಕೂ ಅಪಸ್ವರದ ಸಂಬಂಧ ಬದಲಾಗುತ್ತದೆ, ಒಂದಕ್ಕೂ ಶ್ರುತಿ ಕೂಡುವುದಿಲ್ಲ. 12ನೇ ಫ್ರೆಟ್ಟಿನ ಸ್ವರ ಹಿಡಿದು ನಿಧಾನಕ್ಕೆ ಬೆಂಡ್ ಮಾಡಿ ಕೇಳಿ. ಅಡಿಯ ಸ್ವರ ಮೇಲಿನದರ ಜೊತೆ ಏರಿದರೂ ಹೊಂದಿಕೆ ತಪ್ಪುತ್ತಾ ಹೋದರೆ ಕೆಪ್ಯಾಸಿಟರೇ.

ಆದರೆ ಇದೇ ವೇಷ ಹಾಕುವ ಇನ್ನಿಬ್ಬರಿದ್ದಾರೆ. ಸ್ಪೀಕರಿನ ಕೋನ್ ಅಳುವುದು ಒಂದು. ಅದು ಕೆಲವೇ ಸ್ವರಗಳಲ್ಲಿ ಬರುತ್ತದೆ, ಸಾಮಾನ್ಯವಾಗಿ ಒಂದು ಸ್ಥಾಯಿ ಕೆಳಗೆ ಶ್ರುತಿಗೆ ಅಂಟಿಕೊಂಡಿರುತ್ತದೆ, ಬೇರೆ ಕ್ಯಾಬಿನೆಟ್ ಹಾಕಿದರೆ ಮಾಯ. ಗಿಟಾರಿನ ಪಿಕಪ್ ತಂತಿಗೆ ತೀರಾ ಹತ್ತಿರವಿರುವುದು ಎರಡನೆಯದು: ಅಯಸ್ಕಾಂತದ ಎಳೆತಕ್ಕೆ ತಂತಿಯೇ ಎರಡು ಸ್ವರ ಹೇಳುತ್ತದೆ. ಆಗ ಎರಡೂ ಆಂಪ್‌ಗಳಲ್ಲಿ ಅಪಸ್ವರ ಕೇಳಿಸುತ್ತದೆ, ಪಿಕಪ್ ಇಳಿಸಿದರೆ ಹೋಗುತ್ತದೆ. ಮೂಲ ವಿನ್ಯಾಸದಲ್ಲೇ 16ರಿಂದ 20 ಮೈಕ್ರೋಫ್ಯಾರಡ್ಡಿನ ಸಣ್ಣ ಕೆಪ್ಯಾಸಿಟರ್‌ಗಳಿರುವ ಆಂಪ್‌ಗಳು ಪೂರ್ತಿ ಜೋರಿನಲ್ಲಿ ಚೂರು ಅಪಸ್ವರ ಮಾಡುವುದೂ ಉಂಟು. ಅರ್ಧ ಜೋರಿನಲ್ಲೇ ಮಾಡಿದರೆ ಮಾತ್ರ ದೋಷವೆನ್ನಿ.

ಫಿಲ್ಟರ್ ಕೆಲಸಕ್ಕೆ ಹಾಕುವ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರಿನ ಆಯುಸ್ಸು 10ರಿಂದ 20 ವರ್ಷ ಎಂದು ಹಿಡಿಯಿರಿ. ತಲೆ ಉಬ್ಬಿದ್ದರೆ, ತುದಿಯಲ್ಲಿ ಕಂದು ಅಂಟು ಒಸರಿದ್ದರೆ ಮುಗಿದಿದೆ. ನೋಡಲು ಸುಭಗವಾಗಿದ್ದೂ ಒಳಗೆ ಒಣಗಿರಬಹುದು. ಬದಲಿಸುವಾಗ ಒಂದನ್ನಲ್ಲ, ಎಲ್ಲವನ್ನೂ ಬದಲಿಸಬೇಕು. ಇದು ಮಾಮೂಲಿ ಖರ್ಚು. ಆಂಪ್ ಬಿಡಲು ಕಾರಣವಲ್ಲ, ಬೆಲೆ ಇಳಿಸಲು ಕಾರಣ.

ತೆಳುವಾಗಿ ಒರಟು, ಅಥವಾ ಅತಿಯಾಗಿ ಬೆಚ್ಚಗೆ

ಬಯಾಸ್ ಎಂದರೆ ನುಡಿಸದೆ ಸುಮ್ಮನಿರುವಾಗ ಪವರ್ ಟ್ಯೂಬಿನಲ್ಲಿ ಎಷ್ಟು ಕರೆಂಟ್ ಹರಿಯಬೇಕೆಂಬ ಹೊಂದಿಕೆ. ಕಡಿಮೆ ಹರಿದರೆ ತಣ್ಣಗೆ, ಹೆಚ್ಚು ಹರಿದರೆ ಬಿಸಿ ಎನ್ನುತ್ತಾರೆ. ಬಯಾಸ್ ತಣ್ಣಗಿರುವ ಆಂಪನ್ನು ಸ್ವರದ ಬಾಲದಲ್ಲಿ ಹಿಡಿಯಬೇಕು. ಕ್ಲೀನ್ ಹೊಂದಿಕೆಯಲ್ಲಿ ಒಂದು ಸ್ವರ ಮೀಟಿ, ಆರುವವರೆಗೂ ಕೇಳಿ. ನಾದ ಕುಗ್ಗುತ್ತಾ ಬಂದಂತೆ ಜರಜರ ಎಂಬ ಪುಡಿಪುಡಿ ಸದ್ದು ಸೇರಿಕೊಂಡರೆ, ಒಂದು ಪವರ್ ಟ್ಯೂಬ್ ಆರಿ ಇನ್ನೊಂದು ಹೊತ್ತಿಕೊಳ್ಳುವ ನಡುವಿನ ಬಿರುಕು ಕೇಳುತ್ತಿದೆ ಎಂದರ್ಥ. ಬಯಾಸ್ ತಿರುಪು ತಿರುಗಿಸಿದರೆ ಸರಿಹೋಗುವ ಆಂಪ್ ಇದು. ಇದನ್ನು ಕೇಳಿ "ಈ ಮಾಡೆಲ್ ಒರಟು" ಎಂದು ತಳ್ಳಿಹಾಕಿದರೆ ನಷ್ಟ ನಿಮ್ಮದು.

ಬಿಸಿ ಬಯಾಸ್ ಹೆಚ್ಚು ಅಪಾಯಕಾರಿ. ಕಿವಿಗೆ ಅದು ಹಿತವಾಗಿಯೇ ಇರುತ್ತದೆ: ಮೆತ್ತಗೆ, ತುಂಬಿಕೊಂಡು, ಬೇಗ ಒಡೆಯುವ ನಾದ. ಕೋಣೆಯ ದೀಪ ಆರಿಸಿ ಹತ್ತು ನಿಮಿಷ ಪವರ್ ಟ್ಯೂಬ್‌ಗಳನ್ನೇ ನೋಡಿ. ಹೀಟರಿನ ಕಿತ್ತಳೆ ಬೆಳಕು ಸಹಜ. ಗಾಜಿನ ಒಳಮೈಗೆ ಅಂಟಿದ ನೀಲಿ ಮಿನುಗೂ ಸಹಜ. ಬೂದು ಪ್ಲೇಟಿನ ಮೇಲೆ ಕೆಂಡದಂಥ ಮಚ್ಚೆ ಮೂಡಿದರೆ ಕೂಡಲೇ ಆಫ್ ಮಾಡಿ. ಎಲೆಕ್ಟ್ರೋಡ್‌ಗಳ ನಡುವೆ ಗುಲಾಬಿ ಅಥವಾ ನೇರಳೆ ಮಂಜು ಕಂಡರೆ ಟ್ಯೂಬಿನೊಳಗೆ ಅನಿಲ ಸೇರಿದೆ. ಟ್ಯೂಬಿನ ಒಳಗಿನ ಬೆಳ್ಳಿ ಮಚ್ಚೆ ಹಾಲುಬಿಳುಪಾಗಿದ್ದರೆ ಗಾಳಿ ನುಗ್ಗಿ ಸತ್ತುಹೋಗಿದೆ.

ಪ್ಲೇಟ್ ಕೆಂಪಾಗಲು ತಿರುಪು ತಪ್ಪಿರುವುದೊಂದೇ ಕಾರಣವಲ್ಲ. ಮುಂಚಿನ ಹಂತದಿಂದ ಸಿಗ್ನಲ್ ಮಾತ್ರ ದಾಟಿಸಿ ಡಿಸಿ ತಡೆಯುವ ಕಪ್ಲಿಂಗ್ ಕೆಪ್ಯಾಸಿಟರ್ ಸೋರಿದರೆ ಗ್ರಿಡ್ಡಿನ ನೆಗೆಟಿವ್ ವೋಲ್ಟೇಜ್ ಕರಗಿ ಟ್ಯೂಬ್ ಹುಚ್ಚೆದ್ದು ಕರೆಂಟ್ ಎಳೆಯುತ್ತದೆ. ಗ್ರಿಡ್ ಲೀಕ್ ರೆಸಿಸ್ಟರ್ ಕಡಿದರೂ, ಬಯಾಸ್ ಪೂರೈಕೆಯ ಪುಟ್ಟ ಕೆಪ್ಯಾಸಿಟರ್ ಒಣಗಿದರೂ ಇದೇ ಗತಿ. ಹೊಸ ಟ್ಯೂಬ್ ಹಾಕಿದರೆ ಅದೂ ಸುಡುತ್ತದೆ.

ಹಿಂಬದಿಯಲ್ಲಿ ಬಯಾಸ್ ಅಳೆಯುವ ತೂತುಗಳಿದ್ದರೆ ಮೀಟರ್ ಹಿಡಿಯಿರಿ. ಒಳಗೆ 1 ಓಮಿನ ರೆಸಿಸ್ಟರ್ ಇದ್ದರೆ 1 ಮಿಲಿವೋಲ್ಟ್ ಎಂದರೆ 1 ಮಿಲಿಆಂಪಿಯರ್. ಎಬಿ ಕ್ಲಾಸಿನ (ಎರಡು ಬದಿಯ ಟ್ಯೂಬ್‌ಗಳು ಬಹುಪಾಲು ಸರದಿಯಲ್ಲಿ ದುಡಿಯುವ) ಆಂಪಿಗೆ ಟ್ಯೂಬಿನ ಗರಿಷ್ಠ ವ್ಯಾಟಿನ ಶೇ 70 ಮೇಲಿನ ಮಿತಿ. ಇಎಲ್34 ಎಂಬ ಪವರ್ ಟ್ಯೂಬಿನ ಗರಿಷ್ಠ 25 ವ್ಯಾಟ್. ಪ್ಲೇಟಿನಲ್ಲಿ 450 ವೋಲ್ಟ್ ಇದ್ದರೆ 17.5 ಭಾಗಿಸು 450, ಅಂದರೆ ಟ್ಯೂಬಿಗೆ ಸುಮಾರು 39 ಮಿಲಿಆಂಪಿಯರ್. ಶೇ 60ರ ಲೆಕ್ಕದಲ್ಲಿ 33. ಅದೇ ವೋಲ್ಟಿಗೆ 30 ವ್ಯಾಟಿನ 6ಎಲ್6ಜಿಸಿ ಶೇ 70ಕ್ಕೆ ಸುಮಾರು 47. ಓದಿದ್ದು 15 ಇದ್ದರೆ ತಣ್ಣಗಿದೆ, 55 ಇದ್ದರೆ ನೀವು ಮೆಚ್ಚಿದ ಬೆಚ್ಚನೆ ನಾದದ ಗುಟ್ಟು ಅದೇ.

ನಾಲ್ಕು ಇಎಲ್84 ಪವರ್ ಟ್ಯೂಬ್ ಇರುವ ವಾಕ್ಸ್ ಎಸಿ30 ಕ್ಯಾಥೋಡ್ ಬಯಾಸಿನದು (ಒಂದು ರೆಸಿಸ್ಟರೇ ಬಯಾಸ್ ಹೊಂದಿಸುತ್ತದೆ), ತಿರುಪೇ ಇಲ್ಲ, ಔಟ್‌ಪುಟ್ಟಿನ ಒಂದು ಪಾಲನ್ನು ಹಿಂದಿರುಗಿಸಿ ನಾದ ಬಿಗಿ ಮಾಡುವ ನೆಗೆಟಿವ್ ಫೀಡ್‌ಬ್ಯಾಕೂ ಇಲ್ಲ. ಅದರ ಟ್ಯೂಬ್‌ಗಳು ಹುಟ್ಟಿನಿಂದಲೇ ಬಿಸಿ, ಬೇಸ್ ಸಡಿಲ. ನಾಲ್ಕು ಇಎಲ್34ರ ಮಾರ್ಷಲ್ 2203ರ ಬಿಗಿ ಅದರಲ್ಲಿ ಹುಡುಕಿ ಸಿಗಲಿಲ್ಲವೆಂದು ದೂರಬೇಡಿ.

ಜೋರು ಬತ್ತಿದ ಆಂಪ್

ಎಫೆಕ್ಟ್ಸ್ ಲೂಪ್ (ಹೊರಗಿನ ಎಫೆಕ್ಟ್ ಸೇರಿಸಲು ಇರುವ ಸೆಂಡ್, ರಿಟರ್ನ್ ಎಂಬ ಎರಡು ಜಾಕ್) ಇದ್ದರೆ ಬೇರೆ ಯಾವುದನ್ನೂ ಶಂಕಿಸುವ ಮುನ್ನ ಸೆಂಡ್‌ನಿಂದ ರಿಟರ್ನ್‌ಗೆ ಪ್ಯಾಚ್ ಕೇಬಲ್ ಹಾಕಿ. ನಾದ ತಟ್ಟನೆ ತುಂಬಿಕೊಂಡರೆ ರಿಟರ್ನ್ ಜಾಕಿನೊಳಗಿನ ಸ್ವಿಚ್ ತುಕ್ಕು ಹಿಡಿದಿದೆ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಪ್ಲಗ್ಗನ್ನು ಹತ್ತು ಬಾರಿ ಒಳಗೆ ಹೊರಗೆ ಮಾಡಿದರೆ ಗುಣ. ಇಷ್ಟು ಚಿಲ್ಲರೆ ಕಾರಣಕ್ಕೆ "ಜೀವವಿಲ್ಲದ ಆಂಪ್" ಎಂದು ಮಾರಾಟಕ್ಕೆ ಬರುವುದು ಅಪರೂಪವೇನಲ್ಲ.

ಜೋರು ಕಡಿಮೆ, ಜೊತೆಗೆ ಗುಂಯ್ ಹೆಚ್ಚು, ಬೇಸ್ ಹರಿದಂತೆ ಇದ್ದರೆ ಒಂದು ಬದಿಯ ಪವರ್ ಟ್ಯೂಬ್ ಸತ್ತಿದೆ, ಅಥವಾ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಅರ್ಧ ಕಡಿದಿದೆ. ಮೊದಲನೆಯದು ಸಣ್ಣ ವಿಷಯ, ಎರಡನೆಯದು ದೊಡ್ಡದು. ಚಾಸಿ ಬಿಚ್ಚಿ, ಕೆಪ್ಯಾಸಿಟರ್‌ಗಳ ಚಾರ್ಜ್ ಇಳಿಸಿದ ಮೇಲೆ, ತಂತ್ರಜ್ಞರು ಪ್ರೈಮರಿಯ ಎರಡು ಅರ್ಧಗಳನ್ನೂ ಅಳೆಯಬೇಕು. ಒಳಸುತ್ತಿಗಿಂತ ಹೊರಸುತ್ತಿನ ತಂತಿ ಉದ್ದ, ಆದ್ದರಿಂದ ಸ್ವಲ್ಪ ವ್ಯತ್ಯಾಸ ಸಹಜ. ಒಂದು ಪೂರ್ತಿ ಕಡಿದಿದ್ದರೆ ಟ್ರಾನ್ಸ್‌ಫಾರ್ಮರೇ ಬದಲು. ಗೇನ್ ಮಾತ್ರ ಕುಸಿದು ಉಳಿದದ್ದೆಲ್ಲ ಸರಿಯಿದ್ದರೆ ಮೊದಲ ಹಂತದ ಕ್ಯಾಥೋಡಿನ ಬೈಪಾಸ್ ಕೆಪ್ಯಾಸಿಟರ್ ನೋಡಿಸಿ. ಹಳೆಯದರಲ್ಲಿ 25 ಮೈಕ್ರೋಫ್ಯಾರಡ್ಡಿನದು, ಸತ್ತರೆ ನಾದ ಪೇಲವ.

ಚಟಪಟ, ಕರಕರ, ಟಣ್

ನಾಬ್ ತಿರುಗಿಸಿದಾಗ ಮಾತ್ರ ಕರಕರ ಎಂದರೆ ಧೂಳು. ಕ್ಲೀನರ್ ಹಾಕಿದ ಮೇಲೂ ಅದೇ ಬಿರುಸಿನಲ್ಲಿ ಕರಕರ ಉಳಿದರೆ ಕಪ್ಲಿಂಗ್ ಕೆಪ್ಯಾಸಿಟರ್ ಸೋರಿ ನಾಬಿನ ಹಿಂದಿರುವ ಪಾಟ್ (ತಿರುಗಿಸುವ ರೆಸಿಸ್ಟರ್) ಮೇಲೆ ಡಿಸಿ ಬರುತ್ತಿದೆ. ಯಾರೂ ಮುಟ್ಟದೆ, ಗಿಟಾರೂ ಇಲ್ಲದೆ, ಒಗ್ಗರಣೆಯಂತೆ ಚಟಪಟ ಎನ್ನುತ್ತಿದ್ದರೆ 100 ಕಿಲೋ ಓಮಿನ ಹಳೆ ಕಾರ್ಬನ್ ಪ್ಲೇಟ್ ರೆಸಿಸ್ಟರ್‌ಗಳಲ್ಲಿ ಒಂದು ಕಾರಣವಿರಬಹುದು. ವಾಲ್ಯೂಮ್ ಸೊನ್ನೆ ಮಾಡಿದರೆ ನಿಂತಿತೇ? ಹಾಗಾದರೆ ನಾಬಿಗೆ ಹಿಂದಿನ ಹಂತ. ನಿಲ್ಲಲಿಲ್ಲವೇ? ಮುಂದಿನದು.

ಟ್ಯೂಬ್‌ಗಳನ್ನು ಒಂದೊಂದಾಗಿ ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿ. ಮೊದಲನೆಯದು ಒಂದಿಷ್ಟು ಟಕ್ ಎನ್ನುವುದು ಮಾಮೂಲು. ಗಂಟೆಯಂತೆ ಟಣ್ ಎಂದು ಎಳೆದರೆ ಮೈಕ್ರೊಫೋನಿಕ್, ಅಂದರೆ ಟ್ಯೂಬೇ ಮೈಕಿನಂತೆ ಅಲುಗಾಟವನ್ನು ಸದ್ದಾಗಿಸುತ್ತಿದೆ. ನಿಮ್ಮ ಟ್ಯೂಬ್ ಹಾಕಿ. ತಟ್ಟಿದಾಗ ಸದ್ದು ಬಂದು ಹೋಗಿ ಮಾಡಿದರೆ ಟ್ಯೂಬಲ್ಲ, ಸಾಕೆಟ್ಟಿನ ಸಡಿಲ ಪಿನ್ ಅಥವಾ ಒಣ ಬೆಸುಗೆ.

ರಿವರ್ಬ್ ಇಲ್ಲದಿದ್ದರೆ ಆಂಪನ್ನು ಮೆಲ್ಲಗೆ ಅಲುಗಿಸಿ. ಸ್ಪ್ರಿಂಗ್ ಗುಡುಗು ಕೇಳಿದರೆ ಹಿಂದಿರುಗುವ ದಾರಿ ಸರಿಯಿದೆ, ತೊಂದರೆ ಕಳಿಸುವ ಬದಿಯಲ್ಲಿ. ಕೇಳದಿದ್ದರೆ ಕೇಬಲ್ ಅಥವಾ ಸ್ಪ್ರಿಂಗ್ ಇರುವ ರಿವರ್ಬ್ ಪೆಟ್ಟಿಗೆಯ ಕಾಯಿಲ್.

ಸ್ಪೀಕರಿನ ಕೋನನ್ನು ಐದೂ ಬೆರಳುಗಳಿಂದ ಸಮನಾಗಿ ಒತ್ತಿ ಬಿಡಿ. ಸರಸರ ಉಜ್ಜುವ ಸದ್ದು ಬಂದರೆ ಕಾಯಿಲ್ ಓರೆಯಾಗಿದೆ. "ಮೂಲ ಸ್ಪೀಕರ್" ಎಂಬ ಮಾತಿಗೆ ಚೌಕಟ್ಟಿನ ಮೇಲಿನ ಅಂಕಿಯೇ ಸಾಕ್ಷಿ: 220 ಎಂದರೆ ಜೆನ್ಸೆನ್ ಕಂಪನಿಯದು, 465 ಎಂದರೆ ಆಕ್ಸ್‌ಫರ್ಡ್ ಕಂಪನಿಯದು. ನಂತರದ ಅಂಕಿಗಳು ವರ್ಷ ಮತ್ತು ವಾರ. 220632 ಆದರೆ ಜೆನ್ಸೆನ್, 1966ರ 32ನೇ ವಾರ ಎಂದು ಓದಬಹುದು. ವರ್ಷಕ್ಕೆ ಒಂದೇ ಅಂಕಿ ಇರುವುದರಿಂದ ದಶಕವನ್ನು ಆಂಪಿನ ಉಳಿದ ಭಾಗಗಳಿಂದ ತಿಳಿಯಬೇಕು. ಟ್ರಾನ್ಸ್‌ಫಾರ್ಮರಿನ ಮೇಲೆ 606 ಇದ್ದರೆ ಅದು ಶೂಮಾಕರ್ ಕಂಪನಿಯದು.

ದೋಷ ಕಳೆದ ಮೇಲೆ

ಇಷ್ಟಾದ ಮೇಲೆ ಎರಡನ್ನೂ ಮತ್ತೆ ನುಡಿಸಿ, ಈ ಬಾರಿ ಟೋನಿಗೆ. ಗಿಟಾರಿನ ವಾಲ್ಯೂಮ್ 10ರಿಂದ 4ಕ್ಕೆ ಇಳಿಸಿದಾಗ ಒಡೆದ ನಾದ ತಿಳಿಯಾಗುತ್ತದೆಯೇ, ಬರೀ ಮಂಕಾಗುತ್ತದೆಯೇ ಎಂಬುದನ್ನೇ ಮುಖ್ಯವಾಗಿ ಕೇಳಿ. ಟ್ಯೂಬ್ ಬದಲಿಸಿ ಪಡೆಯಲಾಗದ ಗುಣ ಅದು. ಬೇಸ್ ಚೂರು ಹೆಚ್ಚು ಕಡಿಮೆ, ಟ್ರೆಬಲ್ ಚೂರು ಚುಚ್ಚು, ಇವೆಲ್ಲ ಸ್ಪೀಕರ್ ಮತ್ತು ನಾಬ್‌ಗಳಲ್ಲಿ ಸರಿಹೋಗುತ್ತವೆ.

ಬಿಟ್ಟುಬರಬೇಕಾದದ್ದು ಕೆಲವೇ: ಸುಟ್ಟ ವಾರ್ನಿಷ್ ವಾಸನೆಯ ಪವರ್ ಟ್ರಾನ್ಸ್‌ಫಾರ್ಮರ್, ಎಲ್ಲ ಟ್ಯೂಬ್ ತೆಗೆದ ಮೇಲೂ ಸುಡುವ ಫ್ಯೂಸ್, ಸಾಕೆಟ್ಟಿನ ಪಿನ್‌ಗಳ ನಡುವೆ ಕಪ್ಪು ಇದ್ದಿಲ ಗೆರೆ. ಇಂಥದ್ದನ್ನು ಅಪರೂಪದ ಮಾಡೆಲ್ ಎಂದೋ, ಬೆಲೆ ನೆಲ ಕಂಡಿದೆ ಎಂದೋ ಮಾತ್ರ ಕೊಳ್ಳಬಹುದು.

ಮಾರುವವರು "ಟ್ಯೂಬ್‌ಗಳೆಲ್ಲ ಹೊಚ್ಚಹೊಸದು" ಎಂದರೆ ಕೇಳಬೇಕಾದ ಪ್ರಶ್ನೆ: ಬಯಾಸ್ ಎಷ್ಟು ಮಿಲಿಆಂಪಿಯರಿಗೆ ಹೊಂದಿಸಿದ್ದೀರಿ? ಒಂದು ಸಂಖ್ಯೆ ಬಂದರೆ ಮೇಲಿನ ಲೆಕ್ಕಕ್ಕೆ ತಾಳೆ ನೋಡಿ. ಸಂಖ್ಯೆ ಬಾರದಿದ್ದರೆ ಟ್ಯೂಬ್‌ಗಳನ್ನು ಸುಮ್ಮನೆ ತುರುಕಿದ್ದಾರೆ ಎಂದು ತಿಳಿದು, ಬಯಾಸ್ ಅಳೆಸುವವರೆಗೆ ಆ ಆಂಪನ್ನು ಜೋರಾಗಿ ನುಡಿಸಬೇಡಿ.